ಲುನೀಕ್ 9: ರೋಮಾ ಜನರಿಗೆ ಕೊಟ್ಟ ಮನೆಗಳು ಹಾಳಾದದ್ದು ಯಾರ ತಪ್ಪು?

ಕೊಶಿತ್ಸೆ ಕನ್ನಡಿಗ

ಸ್ಲೊವಾಕಿಯಾದ ಕೊಶಿತ್ಸೆಗೆ ಕೆಲಸಕ್ಕೆಂದು ಬಂದು ನಾಲ್ಕು ವರ್ಷ ಆಯಿತು. ಬಂದ ಮೊದಲ ವಾರವೇ ಆಫೀಸಿನವರು ಒಂದು ಬುದ್ಧಿಮಾತು ಹೇಳಿದ್ದರು: ಎಲ್ಲಿ ಬೇಕಾದರೂ ಮನೆ ನೋಡು, ಲುನೀಕ್ 9 ಅನ್ನುವ ಬಡಾವಣೆಯ ಹತ್ತಿರ ಮಾತ್ರ ಬೇಡ. ಯಾಕೆ ಅಂದರೆ ಮುಖ ಸಿಂಡರಿಸಿ 'ಅಲ್ಲಿ ಅವರಿದ್ದಾರೆ' ಅಂದರು. ಅವರು ಅಂದರೆ ರೋಮಾ ಜನ, ಬಹಳ ಹಿಂದೆ ಭಾರತದ ಕಡೆಯಿಂದ ಯುರೋಪಿಗೆ ಹೋದವರು. ಆ 'ಅವರು' ಅನ್ನುವ ಧಾಟಿ ನಮಗೇನೂ ಹೊಸದಲ್ಲ. ಊರಾಚೆಯ ಕೇರಿಯ ಕಡೆ ಕೈ ತೋರಿಸಿ ಹಾಗೆ ಹೇಳುವುದನ್ನು ಕೇಳಿಯೇ ಬೆಳೆದವರು ನಾವು.

ಕಳೆದ ತಿಂಗಳು ಪರಿಚಯದವರೊಬ್ಬರು ಅಲ್ಲಿನ ಮಕ್ಕಳಿಗೆ ಸಂಜೆ ಪಾಠ ಹೇಳಲು ಹೊರಟಿದ್ದರು, ನಾನೂ ಜೊತೆಗೆ ಹೋದೆ. ಈ ಊರಿನ ಬೇರೆ ಬಡಾವಣೆಗಳಲ್ಲಿ ಇರುವಂಥದ್ದೇ ಎತ್ತರದ ಕಾಂಕ್ರೀಟ್ ಕಟ್ಟಡಗಳು. ಆದರೆ ಎಷ್ಟೋ ಕಿಟಕಿಗೆ ಗಾಜಿಲ್ಲ. ಕೆಲವು ಬ್ಲಾಕ್‌ಗಳನ್ನು ನಗರಸಭೆಯೇ ಕೆಡವಿದೆ, ಅಲ್ಲಿ ಖಾಲಿ ಬಯಲು. ನಾವು ಹೋದ ಮನೆಯ ಒಳಗೆ ಮಾತ್ರ ನೆಲ ಕನ್ನಡಿ ಹಾಗಿತ್ತು. ಅಜ್ಜಿ ಕಾಫಿ ಕೊಟ್ಟರು, ಗಸಿ ಲೋಟದ ತಳದಲ್ಲೇ ಉಳಿಯುತ್ತದಲ್ಲ, ಆ ತರದ್ದು. ಕಾಫಿಗೆ ನೀರು ಬಗ್ಗಿಸಿದ್ದು ಪ್ಲಾಸ್ಟಿಕ್ ಕ್ಯಾನಿನಿಂದ. ಗೋಡೆಯಲ್ಲಿ ನಲ್ಲಿ ಇತ್ತು, ನಲ್ಲಿಯಲ್ಲಿ ನೀರಿರಲಿಲ್ಲ.

ಮನೆಗೆ ಬಂದು ಕೂತು ಓದಿದೆ. ಈ ಬಡಾವಣೆ ಕಟ್ಟಿದ್ದು ಕಮ್ಯುನಿಸ್ಟ್ ಆಡಳಿತದ ಕೊನೆಯ ವರ್ಷಗಳಲ್ಲಿ. ಆಗ ಇದು ರೋಮಾ ಕಾಲೋನಿ ಆಗಿರಲಿಲ್ಲ. ಸೈನಿಕರು, ಪೊಲೀಸರು, ರೋಮಾ ಕುಟುಂಬಗಳು ಎಲ್ಲ ಕಲೆತು ಇರಲಿ ಅನ್ನುವುದು ಲೆಕ್ಕ. 1989ರಲ್ಲಿ ಆ ವ್ಯವಸ್ಥೆ ಬಿತ್ತು. ಕಾರ್ಖಾನೆಗಳು ಜನರನ್ನು ತೆಗೆದಾಗ ಮೊದಲು ಹೊರಬಿದ್ದವರು ರೋಮಾ ಕೂಲಿಗಳು. ಉಳಿದವರು ಒಬ್ಬೊಬ್ಬರಾಗಿ ಬೇರೆ ಕಡೆ ಮನೆ ಮಾಡಿಕೊಂಡರು. ಆಮೇಲೆ 1995ರಲ್ಲಿ, ಬಾಡಿಗೆ ಬಾಕಿ ಇಟ್ಟವರನ್ನು, 'ತೊಂದರೆ ಕೊಡುವವರನ್ನು' ಲುನೀಕ್ 9ಕ್ಕೆ ಕಳಿಸುವುದು ಅಂತ ನಗರಸಭೆಯೇ ತೀರ್ಮಾನ ಮಾಡಿತು. ಹಳೇ ಪೇಟೆಯನ್ನು ಚಂದ ಮಾಡುವಾಗ ಅಲ್ಲಿದ್ದ ರೋಮಾ ಕುಟುಂಬಗಳನ್ನೂ ಇಲ್ಲಿಗೇ ತಂದರು. ಸುಮಾರು 2,500 ಜನಕ್ಕೆ ಅಂತ ಕಟ್ಟಿದ ಜಾಗದಲ್ಲಿ ಒಂದು ಹಂತದಲ್ಲಿ 6,000ಕ್ಕೂ ಹೆಚ್ಚು ಜನ ಇದ್ದರು. ಬಿಲ್ ಬಾಕಿ ಅಂತ ಗ್ಯಾಸ್, ನೀರು, ಕರೆಂಟ್ ಕತ್ತರಿಸುತ್ತಾ ಹೋದರು. 2013ರಲ್ಲಿ ಕೊಶಿತ್ಸೆ ಯುರೋಪಿನ ಸಾಂಸ್ಕೃತಿಕ ರಾಜಧಾನಿ ಅನ್ನುವ ಗೌರವ ಪಡೆಯಿತು. ಅದೇ ವರ್ಷ ಪಕ್ಕದ ಬಡಾವಣೆಯವರು ಲುನೀಕ್ 9ರಿಂದ ಬರುವ ದಾರಿಗೆ ಅಡ್ಡವಾಗಿ ಗೋಡೆ ಎಬ್ಬಿಸಿದರು. 2021ರ ಸೆಪ್ಟೆಂಬರ್ 14ರಂದು ಪೋಪ್ ಫ್ರಾನ್ಸಿಸ್ ಬಂದು ಹೋದರು, ಆ ಒಂದು ದಿನ ಜಗತ್ತಿನ ಕ್ಯಾಮೆರಾಗಳೆಲ್ಲ ಇಲ್ಲಿದ್ದವು.

'ಮನೆ ಕೊಟ್ಟೆವು, ಅವರೇ ಹಾಳು ಮಾಡಿಕೊಂಡರು' ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಬಾಡಿಗೆ ಕಟ್ಟಲಾಗದವರನ್ನೇ ಊರೆಲ್ಲ ಹುಡುಕಿ ಒಂದು ಕಟ್ಟಡಕ್ಕೆ ತುಂಬಿದರೆ ಆ ಕಟ್ಟಡದ ಬಾಡಿಗೆ ಎಲ್ಲಿಂದ ಬರಬೇಕು ಅನ್ನುವುದು ನನ್ನ ಪ್ರಶ್ನೆ. ಯುರೋಪಿನ ಬೇರೆ ಊರುಗಳಲ್ಲಿರುವ ಕನ್ನಡಿಗರು ಏನು ನೋಡಿದ್ದೀರಿ, ಹೇಳಿ.

ಬೆಳಗಾವಿ ಕುಂದಾ

ಬರಹ ಚಲೋ ಐತ್ರಿ, ಆದರೆ ಒಂದೇ ಕಡೆಯಿಂದ ನೋಡಿದಂತಿದೆ. ನಾನು ಪ್ರಾಗ್‌ನಲ್ಲಿ ಎರಡು ವರ್ಷ ಇದ್ದೆ. ರೋಮಾ ಕುಟುಂಬಕ್ಕೆ ಫ್ಲಾಟ್ ಕೊಟ್ಟರೆ ನೆಲದ ಮರದ ಹಲಗೆ ಕಿತ್ತು ಒಲೆಗೆ ಹಾಕುತ್ತಾರೆ ಅಂತ ನಮ್ಮ ಮಾಲೀಕರು ಹೇಳುತ್ತಿದ್ದರು. ಪುಕ್ಕಟೆ ಬಂದದ್ದಕ್ಕೆ ಬೆಲೆ ಇರೋದಿಲ್ಲ. ಸರ್ಕಾರದ ಮನೆಯನ್ನು ಬಾಡಿಗೆಗೆ ಕೊಟ್ಟು ಮತ್ತೆ ಗುಡಿಸಲಲ್ಲೇ ಇರುವವರನ್ನು ನಮ್ಮಲ್ಲೂ ನೋಡಿಲ್ಲೇನು? ತೆರಿಗೆ ಕಟ್ಟುವವನ ಕಡೆಯಿಂದಾನೂ ಸ್ವಲ್ಪ ಯೋಚನೆ ಮಾಡ್ರಿ.

ಕೊಶಿತ್ಸೆ ಕನ್ನಡಿಗ

ಆ ಹಲಗೆ ಕಥೆಯನ್ನು ನನಗೆ ಇಲ್ಲಿ ಮೂರು ಜನ ಹೇಳಿದ್ದಾರೆ. ಮೂವರನ್ನೂ 'ನೀವು ಕಣ್ಣಾರೆ ನೋಡಿದ್ದಾ' ಅಂತ ಕೇಳಿದೆ. ಮೂವರಿಗೂ ಬೇರೆ ಯಾರೋ ಹೇಳಿದ್ದು! ಎಲ್ಲೂ ಆಗೇ ಇಲ್ಲ ಅಂತ ನಾನು ಆಣೆ ಮಾಡುವುದಿಲ್ಲ. ಆದರೆ ಜನವರಿಯಲ್ಲಿ ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿದ್ದು, ಮನೆ ಬೆಚ್ಚಗಿಡುವ ಪೈಪ್ ಬಂದ್ ಮಾಡಿದ ಮನೆಯಲ್ಲಿ ಮೂರು ಮಕ್ಕಳಿದ್ದರೆ ನಾನಂತೂ ಬಾಗಿಲನ್ನೂ ಒಲೆಗೆ ಹಾಕುತ್ತಿದ್ದೆ.

ಇನ್ನೊಂದು, ಪುಕ್ಕಟೆ ಅಲ್ಲ ಸಾರ್. ಇವು ನಗರಸಭೆಯ ಬಾಡಿಗೆ ಮನೆಗಳು. ಬಾಡಿಗೆ ಇದೆ, ಬಿಲ್ ಇದೆ, ಬಾಕಿಗೆ ದಂಡವೂ ಇದೆ.

ಬ್ರ್ನೋ ಬಿಸಿಬೇಳೆ

ಕುಂದಾ ಅವರೇ, ಝೆಕ್ ದೇಶದ ಮಾಲೀಕರ ಬಗ್ಗೆ ನನಗೂ ಒಂದು ಕಥೆ ಇದೆ, ಇದು ಯಾರೋ ಹೇಳಿದ್ದಲ್ಲ. ಬ್ರ್ನೋಗೆ ಬಂದ ಹೊಸದರಲ್ಲಿ ಫೋನ್ ಮಾಡಿ ಒಂದು ಫ್ಲಾಟ್ ನೋಡಲು ಹೋದೆ. ಬಾಗಿಲು ತೆರೆದ ಹೆಂಗಸು ನನ್ನ ಮುಖ ನೋಡಿ 'ಈಗಷ್ಟೇ ಬೇರೆಯವರಿಗೆ ಹೋಯಿತು' ಅಂದಳು. ನನಗೆ ಅರ್ಥವೇ ಆಗಲಿಲ್ಲ. ಜೊತೆಗಿದ್ದ ಗೆಳತಿ ಝೆಕ್‌ನಲ್ಲಿ 'ಇವಳು ಇಂಡಿಯಾದವಳು, ಸಾಫ್ಟ್‌ವೇರ್' ಅಂದ ತಕ್ಷಣ ಫ್ಲಾಟ್ ವಾಪಸ್ ಖಾಲಿ ಆಯಿತು, ಚಹಾ ಕೂಡ ಬಂತು. ನನ್ನನ್ನು ರೋಮಾ ಅಂದುಕೊಂಡಿದ್ದಳು. ಪಾಸ್‌ಪೋರ್ಟ್ ಇದ್ದದ್ದರಿಂದ ನಾನು ಬಚಾವಾದೆ. ಇದೇ ದೇಶದಲ್ಲಿ ಹುಟ್ಟಿದವರಿಗೆ ಯಾವ ಪಾಸ್‌ಪೋರ್ಟ್ ತೋರಿಸಲಿಕ್ಕೆ ಆಗುತ್ತದೆ?

ಹೀಗೆ ಎಲ್ಲ ಕಡೆ ಬಾಗಿಲು ಮುಚ್ಚಿದಾಗ ಅವರು ಹೋಗುವುದು ಉಬಿತೊವ್ನಾಗೆ. ಅಂದರೆ ಹಿಂದೆ ಕೂಲಿಗಳಿಗೆ ಕಟ್ಟಿದ ಹಾಸ್ಟೆಲ್ ತರದ ಕಟ್ಟಡ. ಒಂದು ಕೋಣೆಯಲ್ಲಿ ಐದಾರು ಜನ, ಅಡುಗೆ ಮತ್ತು ಬಚ್ಚಲು ಇಡೀ ಮಹಡಿಗೆ ಸೇರಿ ಒಂದು. ಬಾಡಿಗೆಯನ್ನು ಕೋಣೆಗಲ್ಲ, ತಲೆಗೆ ಇಷ್ಟು ಅಂತ ಹಾಕುತ್ತಾರೆ. ಸರ್ಕಾರದ ವಸತಿ ಸಹಾಯಧನ ಕೊನೆಗೆ ಮಾಲೀಕನ ಜೇಬಿಗೇ. ಎಷ್ಟೋ ಸಲ ಆ ಕೋಣೆಯ ಬಾಡಿಗೆ ಪೇಟೆಯ ಒಳ್ಳೆ ಫ್ಲಾಟಿಗಿಂತ ಜಾಸ್ತಿ ಆಗುತ್ತದೆ. ಝೆಕ್ ಜನ ಇದಕ್ಕೆ ಇಟ್ಟ ಹೆಸರೇ 'ಬಡತನದ ವ್ಯಾಪಾರ'. ತೆರಿಗೆದಾರನ ಕಡೆಯಿಂದ ನೋಡಿ ಅಂದಿರಲ್ಲ, ಇಲ್ಲಿಂದ ಶುರು ಮಾಡಿ.

ಈಗ ಒಳ್ಳೆ ಸುದ್ದಿ. 2016ರಲ್ಲಿ ಬ್ರ್ನೋ ನಗರಸಭೆ ಒಂದು ಪ್ರಯೋಗ ಮಾಡಿತು. ಹಾಸ್ಟೆಲ್, ಆಶ್ರಯ ಕೇಂದ್ರಗಳಲ್ಲಿದ್ದ 150 ಕುಟುಂಬಗಳಲ್ಲಿ ಚೀಟಿ ಎತ್ತಿ 50 ಕುಟುಂಬ ಆರಿಸಿದರು. ಅದರಲ್ಲಿ ತುಂಬಾ ಜನ ರೋಮಾ. ಅವರಿಗೆ ಊರಿನ ಬೇರೆ ಬೇರೆ ಕಡೆ ಚದುರಿದಂತೆ ನಗರಸಭೆಯ ಫ್ಲಾಟ್ ಕೊಟ್ಟರು. ಮೊದಲು ಕೆಲಸ ಹುಡುಕು, ಆಮೇಲೆ ಮನೆ ಅನ್ನಲಿಲ್ಲ. ಮನೆ ಮೊದಲು. ಜೊತೆಗೆ ಒಬ್ಬ ಸಮಾಜ ಕಾರ್ಯಕರ್ತೆ ಬಂದು ಬಿಲ್, ಅರ್ಜಿ, ಶಾಲೆ ಇದಕ್ಕೆಲ್ಲ ಸಹಾಯ ಮಾಡುವುದು. ಒಂದು ವರ್ಷ ಆದ ಮೇಲೆ 50ರಲ್ಲಿ 48 ಕುಟುಂಬ ಮನೆ ಉಳಿಸಿಕೊಂಡಿದ್ದವು.

ಬೆಳಗಾವಿ ಕುಂದಾ

48 ಅಂದರೆ ನಾನೂ ಒಪ್ಪಬೇಕಾದ ಲೆಕ್ಕಾನೇ. ತಲೆಗೆ ಇಷ್ಟು ಅಂತ ಬಾಡಿಗೆ ಹಾಕುವುದು ಗೊತ್ತಿರಲಿಲ್ಲ. ಆದರೆ ಅಕ್ಕಾ, ಸಮಾಜ ಕಾರ್ಯಕರ್ತೆ ಬೆನ್ನಿಗೆ ಇದ್ದದ್ದಕ್ಕೆ ಉಳೀತು. ಯೋಜನೆ ಮುಗಿದ ಮೇಲೆ? ಪಕ್ಕದ ಮನೆಯವರ ಗಲಾಟೆ?

ಭಾಷೆ ಹುಚ್ಚ

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ರೋಮಾ ಮಾತಿನಲ್ಲಿ ನೀರಿಗೆ 'ಪಾನಿ', ಮನೆಗೆ 'ಖೇರ್', ಕಿವಿಗೆ 'ಕನ್', ಮೂಗಿಗೆ 'ನಖ್', ಮನುಷ್ಯನಿಗೆ 'ಮನುಷ್'. ಎಣಿಕೆ ಯೇಖ್, ದುಯ್, ತ್ರಿನ್, ಶ್ತಾರ್, ಪಂಜ್ ಅಂತ ಹೋಗಿ ಏಳು, ಎಂಟು, ಒಂಬತ್ತಕ್ಕೆ ಬರುವಾಗ ಗ್ರೀಕ್ ಆಗಿಬಿಡುತ್ತದೆ: ಎಫ್ತಾ, ಒಖ್ತೊ, ಎನ್ಯಾ. ಸುಮಾರು ಸಾವಿರ ವರ್ಷದ ಹಿಂದೆ ಭಾರತದ ವಾಯವ್ಯ ಕಡೆಯಿಂದ ಹೊರಟವರು, ದಾರಿಯಲ್ಲಿ ಗ್ರೀಕರ ನಾಡಿನಲ್ಲಿ ಬಹಳ ಕಾಲ ನಿಂತಿದ್ದಾರೆ ಅನ್ನುವುದು ಈ ಎಣಿಕೆಯಲ್ಲೇ ಕಾಣುತ್ತದೆ. 1971ರಲ್ಲಿ ಲಂಡನ್ ಹತ್ತಿರ ನಡೆದ ಮೊದಲ ವಿಶ್ವ ರೋಮಾ ಸಮ್ಮೇಳನದಲ್ಲಿ ಒಪ್ಪಿದ ಬಾವುಟದಲ್ಲಿ ನಮ್ಮ ಚಕ್ರದ್ದೇ ನೆನಪು ಬರುವ ಕೆಂಪು ಚಕ್ರ ಇದೆ. ನಮ್ಮ ಲಂಬಾಣಿಗಳೇ ಅವರು ಅಂತ ಓದಿದ ನೆನಪು.

ನಿರ್ವಾಹಕ

ಭಾಷೆಯ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಮನೆಯ ವಿಷಯ ಮುಂದುವರಿಯಲಿ. 'ಜಿಪ್ಸಿ' ಅನ್ನುವ ಪದವನ್ನು ಅವರಲ್ಲಿ ಬಹಳ ಜನ ಬೈಗುಳ ಅಂತ ನೋಡುತ್ತಾರೆ, ದಯವಿಟ್ಟು ಬಳಸಬೇಡಿ. ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ.

ತಾಂಡಾದ ಹುಡುಗ

ಭಾಷೆ ಹುಚ್ಚ ಅಣ್ಣಾ, ನಾನು ಲಂಬಾಣಿ, ಯಾದಗಿರಿ ಜಿಲ್ಲೆ. 'ನಿಮ್ಮ ಜನ ಯುರೋಪಿನಲ್ಲಿದ್ದಾರಂತೆ' ಅಂತ ಕಾಲೇಜಿನಿಂದಲೂ ಕೇಳುತ್ತಿದ್ದೇನೆ. ಬೇರು ಒಂದೇ ಸೀಮೆಯ ಕಡೆ ಇರಬಹುದು, ಹಾಗಂತ ನಾವೇ ಅವರು ಅಲ್ಲ. ನಮ್ಮ ಹಿರಿಯರು ಎತ್ತಿನ ಮೇಲೆ ಉಪ್ಪು, ದವಸ ಹೇರಿಕೊಂಡು ದಕ್ಷಿಣಕ್ಕೆ ಬಂದರು. ಅವರು ಅದಕ್ಕೂ ನೂರಾರು ವರ್ಷ ಮೊದಲೇ ಪಶ್ಚಿಮಕ್ಕೆ ಹೋದರು.

ಆದರೆ ಮನೆಯ ವಿಷಯಕ್ಕೆ ಬಂದರೆ ನನಗೆ ಎಲ್ಲ ಗುರುತು ಸಿಗುತ್ತದೆ. ನಮ್ಮ ತಾಂಡಾದಲ್ಲಿ ಅಜ್ಜನ ಕಾಲದಿಂದ ಮನೆ ಇದೆ, ಆದರೆ ಜಾಗದ ಪಹಣಿ ಬೇರೆಯವರ ಹೆಸರಲ್ಲಿ. ತಾಂಡಾ ಕಂದಾಯ ಗ್ರಾಮ ಅಲ್ಲ, ಹಾಗಾಗಿ ಮನೆಗೆ ಕಾಗದ ಇಲ್ಲ. ಕಾಗದ ಇಲ್ಲದ್ದಕ್ಕೆ ಬ್ಯಾಂಕ್ ಸಾಲ ಇಲ್ಲ, ಸರ್ಕಾರದ ಮನೆ ಯೋಜನೆಗೆ ಅರ್ಜಿ ಹಾಕಿದರೆ 'ನಿವೇಶನ ಎಲ್ಲಿ' ಅನ್ನುತ್ತಿದ್ದರು. 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿ ಬಂದು ಐದು ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ತಾಂಡಾ ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟರಲ್ಲ, ಅದರಲ್ಲಿ ನಮ್ಮ ಅವ್ವನ ಹೆಸರೂ ಇತ್ತು. ಅವ್ವ ಆ ಕಾಗದಕ್ಕೆ ಪ್ಲಾಸ್ಟಿಕ್ ಹೊದಿಸಿ ದೇವರ ಹಿಂದೆ ಇಟ್ಟಿದ್ದಾಳೆ. ಗೋಡೆ ಅದೇ, ಸೋರುವ ಮಾಳಿಗೆ ಅದೇ. ಆದರೂ ಆ ವರ್ಷವೇ ಸಿಮೆಂಟ್ ಗಿಲಾವು ಮಾಡಿಸಿದಳು. ಅದುವರೆಗೂ 'ಯಾವಾಗ ಏಳು ಅಂತಾರೋ' ಅಂತ ದುಡ್ಡು ಹಾಕುತ್ತಿರಲಿಲ್ಲ.

ಅಲ್ಲಿ ಜಾಗ ಯಾರ ಹೆಸರಲ್ಲಿದೆ ಕೊಶಿತ್ಸೆ ಅಣ್ಣಾ? ಅದನ್ನು ಯಾರೂ ಹೇಳುತ್ತಿಲ್ಲ.

ಕೊಶಿತ್ಸೆ ಕನ್ನಡಿಗ

ತಮ್ಮಾ, ಮೊದಲು ಕೇಳಬೇಕಾದ ಪ್ರಶ್ನೆ ಅದೇ, ನಾನು ಬಿಟ್ಟುಬಿಟ್ಟಿದ್ದೆ. ಲುನೀಕ್ ನಗರದ ಕಥೆ. ಪೂರ್ವ ಸ್ಲೊವಾಕಿಯಾದ ಹಳ್ಳಿಗಳಲ್ಲಿ 'ಒಸಾದಾ' ಅನ್ನುತ್ತಾರೆ, ಊರಿನಿಂದ ಹೊರಗೆ ಕಾಡಂಚಲ್ಲೋ ಹೊಳೆ ದಂಡೆಯಲ್ಲೋ ಇರುವ ರೋಮಾ ಕೇರಿ. ಅಲ್ಲಿನ ಎಷ್ಟೋ ಗುಡಿಸಲುಗಳ ಕೆಳಗಿನ ನೆಲ ಬೇರೆ ಯಾರದ್ದೋ. ಕೆಲವು ಕಡೆ ಮಾಲೀಕ ಯಾರು ಅನ್ನುವುದೇ ದಾಖಲೆಯಲ್ಲಿ ಸ್ಪಷ್ಟ ಇಲ್ಲ. ಕಾಗದ ಇಲ್ಲದ ಮನೆಗೆ ನೀರಿನ ಸಂಪರ್ಕ ಕೊಡಲು ಬರುವುದಿಲ್ಲ. ಅಲ್ಲೇ ಬಿಟ್ಟರೆ ಏನಾಗುತ್ತದೆ ಅಂದರೆ, 1998ರ ಜುಲೈನಲ್ಲಿ ಯಾರೊವ್ನಿತ್ಸೆ ಅನ್ನುವ ಊರಿನಲ್ಲಿ ಸಣ್ಣ ಹೊಳೆ ಉಕ್ಕಿ ಬಂತು. ಆ ಪ್ರವಾಹದಲ್ಲಿ ಸುಮಾರು 50 ಜನ ಸತ್ತರು, ಹೆಚ್ಚಿನವರು ಹೊಳೆ ಪಕ್ಕದ ಕೇರಿಯ ರೋಮಾ ಜನ. ಅವರಿಗೆ ಸಿಕ್ಕಿದ್ದೇ ಆ ತಗ್ಗಿನ ಜಾಗ.

ಯುರೋಪಿಯನ್ ಒಕ್ಕೂಟದ ಮೂಲಭೂತ ಹಕ್ಕುಗಳ ಸಂಸ್ಥೆ 2021ರಲ್ಲಿ ಹತ್ತು ದೇಶಗಳಲ್ಲಿ ಸಮೀಕ್ಷೆ ಮಾಡಿತ್ತು. ರೋಮಾ ಜನರಲ್ಲಿ 22 ಶೇಕಡಾ ಮಂದಿಯ ಮನೆಯೊಳಗೆ ನಲ್ಲಿ ನೀರಿಲ್ಲ. 52 ಶೇಕಡಾ ಮಂದಿ ಇರುವ ಮನೆ ಒಂದೋ ತೇವ, ಕತ್ತಲೆ, ಇಲ್ಲ ಬಚ್ಚಲು ಸರಿ ಇಲ್ಲ. ಇದು ಯುರೋಪ್!

ಸೈಟ್ ಎಂಜಿನಿಯರ್ ಅಕ್ಕ

ನನ್ನದು ಕಟ್ಟಡದ ಕಡೆಯ ಮಾತು. ಸ್ಲೊವಾಕಿಯಾದಲ್ಲಿ ಸರ್ಕಾರ ಹಳ್ಳಿ ಪಂಚಾಯಿತಿಗಳಿಗೆ ಅನುದಾನ ಕೊಟ್ಟು ಬಾಡಿಗೆ ಮನೆ ಕಟ್ಟಿಸುತ್ತದೆ. ಅದರಲ್ಲಿ 'ಕಡಿಮೆ ದರ್ಜೆಯ ಮನೆ' ಅಂತ ಒಂದು ವಿಧ. ಚಿಕ್ಕ ಅಳತೆ, ಸೌದೆ ಒಲೆ, ಆದಷ್ಟು ಅಗ್ಗ. ಕಾಗದದ ಮೇಲೆ ಒಳ್ಳೆ ಯೋಚನೆ: ಇದ್ದ ದುಡ್ಡಲ್ಲಿ ಜಾಸ್ತಿ ಮನೆ. ಆದರೆ ಎಲ್ಲಿ ಕಟ್ಟುತ್ತಾರೆ? ಹಳೇ ಕೇರಿಯ ಪಕ್ಕದಲ್ಲೇ, ಇಲ್ಲ ಅದಕ್ಕಿಂತ ದೂರ. ಅಂದರೆ ಊರಿನ ಹೊರಗಿದ್ದ ಗುಡಿಸಲು ಹೋಗಿ ಊರಿನ ಹೊರಗೆ ಕಾಂಕ್ರೀಟ್ ಬಂತು. ಗುಡಿಸಲಾದರೆ ನಾಳೆ ಎತ್ತಿ ಇಡಬಹುದು, ಕಾಂಕ್ರೀಟ್ 50 ವರ್ಷ ಅಲ್ಲೇ. ಪ್ಲಾನ್‌ನಲ್ಲಿ ನಾನು ಮೊದಲು ನೋಡುವುದು ಗೋಡೆಯ ದಪ್ಪ ಅಲ್ಲ, ಬಸ್ ಸ್ಟಾಪ್ ಎಷ್ಟು ದೂರ ಅಂತ.

ಇದಕ್ಕೆ ವಿರುದ್ಧದ ಉದಾಹರಣೆಯೂ ಅದೇ ದೇಶದಲ್ಲಿದೆ. ಸ್ಪಿಶ್ಸ್ಕಿ ಹ್ರ್‌ಹೊವ್ ಅನ್ನುವ ಹಳ್ಳಿ. ಅಲ್ಲಿ 1998ರಿಂದ ಬಹಳ ವರ್ಷ ವ್ಲಾದಿಮೀರ್ ಲೆದೆತ್ಸ್ಕಿ ಅನ್ನುವವರು ಮೇಯರ್ ಆಗಿದ್ದರು. ಅವರು ಮನೆಯನ್ನು ಬೇರೆ ಯೋಜನೆ ಅಂತ ನೋಡಲಿಲ್ಲ. ಹಳ್ಳಿಯದ್ದೇ ಒಂದು ಕಂಪನಿ ಮಾಡಿ ರೋಮಾ ಜನರನ್ನು ಕೆಲಸಕ್ಕೆ ತಗೊಂಡರು. ರಸ್ತೆ, ಕಲ್ಲು ಹಾಸು, ಮನೆ ಕೆಲಸ ಎಲ್ಲ ಅವರ ಕೈಯಲ್ಲೇ. ರೋಮಾ ಕುಟುಂಬಗಳ ಮನೆ ಊರೊಳಗೇ, ಬೇರೆಯವರ ಮನೆಗಳ ನಡುವೆ. ಬೇರೆ ಹಳ್ಳಿ ಖಾಲಿ ಆಗುತ್ತಿದ್ದಾಗ ಆ ಊರಿಗೆ ಹೊರಗಿನವರು ಬಂದು ಸೈಟ್ ಕೊಂಡು ಊರು ಬೆಳೆಯಿತು. ಕುಂದಾ ಅವರ ಪಕ್ಕದ ಮನೆಯ ಭಯಕ್ಕೆ ಇದು ಅರ್ಧ ಉತ್ತರ ಅನ್ನಿಸುತ್ತದೆ. ಪಕ್ಕದ ಮನೆಯವನು ನಿಮ್ಮ ಚರಂಡಿ ಕಟ್ಟಿದ ಮೇಸ್ತ್ರಿ ಅಂತ ಗೊತ್ತಿದ್ದರೆ ಮಾತು ಬೇರೆ.

ರಾಂಕೊವ್ತ್ಸೆ ಅಂತ ಕೊಶಿತ್ಸೆ ಹತ್ತಿರ ಇನ್ನೊಂದು ಊರು. ಅಲ್ಲಿ ಒಂದು ಸ್ವಯಂಸೇವಾ ಸಂಸ್ಥೆ ಮೊದಲು ಕುಟುಂಬಗಳಿಗೆ ತಿಂಗಳು ತಿಂಗಳು ಉಳಿತಾಯ ಮಾಡಿಸಿ, ಆಮೇಲೆ ಸಣ್ಣ ಸಾಲ ಕೊಟ್ಟು, ಮೇಸ್ತ್ರಿ ನಿಂತು ಹೇಳಿಕೊಡುತ್ತಾ ಅವರ ಕೈಯಲ್ಲೇ ಮನೆ ಕಟ್ಟಿಸಿತು. ಜಾಗದ ಕಾಗದ ಅವರ ಹೆಸರಲ್ಲಿ. ತಾಂಡಾದ ತಮ್ಮ ಹೇಳಿದ ಗಿಲಾವಿನ ಮಾತು ಇಲ್ಲೂ ನಿಜ.

ಮ್ಯಾಡ್ರಿಡ್‌ನ ಮಂಡ್ಯದವನು

ಸ್ಪೇನ್ ಇದನ್ನೆಲ್ಲ ಎರಡೂ ತರ ಮಾಡಿ ನೋಡಿದೆ. ಮ್ಯಾಡ್ರಿಡ್ ಸುತ್ತ ತಗಡಿನ ಗುಡಿಸಲು ಕೇರಿಗಳು ಸಾಲು ಸಾಲು ಇದ್ದವು. 1980ರ ದಶಕದ ಕೊನೆಯಿಂದ 'ವಿಶೇಷ ಮಾದರಿ ಬಡಾವಣೆ' ಅಂತ ರೋಮಾ ಕುಟುಂಬಗಳಿಗೇ ಅಂತ ಒಂದಂತಸ್ತಿನ ಮನೆಗಳ ಬಡಾವಣೆ ಕಟ್ಟಿದರು. ಹೆಸರು ಚಂದ, ಜಾಗ ಊರಾಚೆ. ಕೆಲವೇ ವರ್ಷದಲ್ಲಿ ಲಾ ಸೆಲ್ಸಾ, ಲಾ ರೋಸಿಯಾ ಅನ್ನುವವು ಮಾದಕ ವಸ್ತು ಮಾರುವ ಜಾಗ ಅಂತ ಹೆಸರು ಕೆಡಿಸಿಕೊಂಡು, ಕಟ್ಟಿದವರೇ ಕೆಡವಿದರು. ಆಮೇಲೆ ದಾರಿ ಬದಲಾಯಿತು. ಪೇಟೆಯಲ್ಲಿ ಸಿಗುವ ಸಾಮಾನ್ಯ ಫ್ಲಾಟ್‌ಗಳನ್ನು ಸರ್ಕಾರವೇ ಕೊಂಡು, ಒಂದು ಕಟ್ಟಡಕ್ಕೆ ಒಂದೇ ಕುಟುಂಬ ಅನ್ನುವ ಲೆಕ್ಕದಲ್ಲಿ ಚದುರಿಸಿ ಬಾಡಿಗೆಗೆ ಕೊಟ್ಟರು. ಜೊತೆಗೆ ಸಮಾಜ ಕಾರ್ಯಕರ್ತರು. ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲೂ ಅಂಥ ಒಂದು ಕುಟುಂಬ ಇದೆ. ನನಗೆ ಗೊತ್ತಾಗಿದ್ದೇ ಎರಡು ವರ್ಷ ಆದ ಮೇಲೆ.

ಎಲ್ಲ ಸುಖ ಅಂತಲ್ಲ. ಮದುವೆ, ಸಾವು, ಮಕ್ಕಳನ್ನು ನೋಡಿಕೊಳ್ಳುವುದು ಎಲ್ಲ ಕುಲದವರ ಜೊತೆ ಮಾಡಿ ರೂಢಿ ಇದ್ದವರನ್ನು ಒಬ್ಬಂಟಿ ಮಾಡಿಬಿಟ್ಟರು ಅಂತ ಬೇಸರ ಇರುವವರೂ ಇದ್ದಾರೆ. ಕಾನ್ಯಾದಾ ರೆಆಲ್ ಅನ್ನುವ ದೊಡ್ಡ ಅನಧಿಕೃತ ಬಡಾವಣೆ ಇನ್ನೂ ಇದೆ. 2020ರ ಅಕ್ಟೋಬರ್‌ನಲ್ಲಿ ಅಲ್ಲಿ ಕರೆಂಟ್ ಹೋಗಿದ್ದು ದೊಡ್ಡ ಸುದ್ದಿಯಾಗಿತ್ತು.

ಭಾಷೆ ಹುಚ್ಚ

ಅಲೆಮಾರಿಗಳಿಗೆ ಮನೆ ಯಾಕೆ, ಅವರಿಗೆ ಒಂದೇ ಕಡೆ ಇರುವುದು ಒಗ್ಗಲ್ಲ ಅಂತಾರಲ್ಲ, ಅದು ನಿಜವಾ? (ಇದು ಮನೆಯ ವಿಷಯವೇ ನಿರ್ವಾಹಕರೇ.)

ಬ್ರ್ನೋ ಬಿಸಿಬೇಳೆ

ಪೂರ್ವ ಯುರೋಪಿನ ರೋಮಾ ಜನರಲ್ಲಿ ಹೆಚ್ಚಿನವರು ನೂರಾರು ವರ್ಷದಿಂದ ಒಂದೇ ಕಡೆ ನೆಲೆ ನಿಂತವರು. ಆ 'ಅಲೆಮಾರಿ' ಅನ್ನುವ ನಂಬಿಕೆಯಿಂದ ಆದ ಅನಾಹುತ ನೋಡಬೇಕೆಂದರೆ ಇಟಲಿ. ಯುಗೋಸ್ಲಾವಿಯಾ ಯುದ್ಧದಿಂದ ಓಡಿ ಬಂದ ರೋಮಾ ಜನ ಊರಲ್ಲಿ ಮನೆ ಬಿಟ್ಟು ಬಂದವರು. ಅವರನ್ನು ಇಟಲಿ 'ಅಲೆಮಾರಿ ಶಿಬಿರ' ಅಂತ ಬೇಲಿ ಹಾಕಿದ ಜಾಗದಲ್ಲಿ ಕಂಟೈನರ್‌ಗಳಿಗೆ ತುಂಬಿತು. 2008ರಲ್ಲಿ 'ಅಲೆಮಾರಿ ತುರ್ತುಸ್ಥಿತಿ' ಅಂತಲೇ ಘೋಷಿಸಿದರು. 2011ರಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಅದು ಕಾನೂನಿಗೆ ವಿರುದ್ಧ ಅಂದಿತು. ಆದರೆ ಶಿಬಿರಗಳು ಅಷ್ಟು ಬೇಗ ಹೋಗಲಿಲ್ಲ.

ಕ್ಲುಜ್ ಕಡಲೆಪುರಿ

ರುಮೇನಿಯಾದಿಂದ ನನ್ನದೂ ಇರಲಿ. ಕ್ಲುಜ್ ಈಗ ಸಾಫ್ಟ್‌ವೇರ್ ಊರು, ಬಾಡಿಗೆ ಕೇಳಿದರೆ ಬೆಂಗಳೂರು ಎಷ್ಟೋ ವಾಸಿ. ಊರ ನಡುವಿನ ಕೊಸ್ತೆಯ್ ಬೀದಿಯಲ್ಲಿ 76 ರೋಮಾ ಕುಟುಂಬ ಇದ್ದವು. 2010ರ ಡಿಸೆಂಬರ್ 17ರಂದು, ಕೊರೆಯುವ ಚಳಿಯಲ್ಲಿ, ಅವರನ್ನು ಎಬ್ಬಿಸಿ ಪಾತಾ ರಿತ್‌ಗೆ ಕಳಿಸಿದರು. ಅದು ಊರಿನ ಕಸ ಸುರಿಯುವ ಜಾಗ. 40 ಕುಟುಂಬಕ್ಕೆ ಒಂದೊಂದು ಕೋಣೆ, 20 ಚದರ ಮೀಟರ್ ಕೂಡ ಇಲ್ಲ, ಬಚ್ಚಲು ಹಂಚಿಕೊಳ್ಳಬೇಕು. ಉಳಿದವರಿಗೆ ಅದೂ ಇಲ್ಲ. ಕೊಸ್ತೆಯ್ ಬೀದಿಯಲ್ಲಿದ್ದಾಗ ಕೆಲಸಕ್ಕೆ, ಶಾಲೆಗೆ ನಡೆದು ಹೋಗುತ್ತಿದ್ದವರು. ಆಮೇಲೆ ವಿಳಾಸ ನೋಡಿಯೇ ಕೆಲಸ ಕೊಡುವುದಿಲ್ಲ. ನಂತರ ನಾರ್ವೆಯ ದುಡ್ಡಿನಲ್ಲಿ ಬಂದ ಒಂದು ಯೋಜನೆಯಿಂದ 35 ಕುಟುಂಬಗಳು ಹೊರಗೆ ಮನೆ ಪಡೆದವು.

ಸಾಮಾಜಿಕ ವಸತಿಗೆ ಅರ್ಜಿ ಹಾಕಿ ಅನ್ನುತ್ತಾರೆ. 1989ರ ನಂತರ ಸರ್ಕಾರದ ಮನೆಗಳನ್ನೆಲ್ಲ ಇದ್ದವರಿಗೇ ಮಾರಿಬಿಟ್ಟರು, ಇಲ್ಲಿ 95 ಶೇಕಡಾ ಜನಕ್ಕೆ ಸ್ವಂತ ಮನೆ. ನಗರಸಭೆಯ ಕೈಯಲ್ಲಿ ಉಳಿದದ್ದು ಬೆರಳೆಣಿಕೆ. ಅದಕ್ಕೆ ಅಂಕ ಹಾಕುತ್ತಿದ್ದರು, ಜಾಸ್ತಿ ಓದಿದವರಿಗೆ ಜಾಸ್ತಿ ಅಂಕ! ಡಿಗ್ರಿ ಇದ್ದವನಿಗೆ ಬಡವರ ಮನೆ. ನಗಬೇಕೋ ಅಳಬೇಕೋ.

ಹಂಗೆರಿಯ ಮಿಶ್ಕೋಲ್ತ್ಸ್ ಇನ್ನೂ ಮಜಾ. 2014ರಲ್ಲಿ ಆ ನಗರಸಭೆ, ಮನೆ ಖಾಲಿ ಮಾಡಿ ಊರು ಬಿಟ್ಟು ಹೊರಗೆ ಮನೆ ಕೊಂಡರೆ ದುಡ್ಡು ಕೊಡ್ತೀವಿ ಅಂತ ನಿಯಮ ತಂದಿತು. ಬಡ ರೋಮಾ ಬೀದಿಗಳ ಪಕ್ಕ ಫುಟ್‌ಬಾಲ್ ಸ್ಟೇಡಿಯಂ ದೊಡ್ಡದು ಮಾಡಬೇಕಿತ್ತು. ಸುತ್ತಲಿನ ಹಳ್ಳಿಗಳು ಗಾಬರಿಯಾಗಿ, ಆ ದುಡ್ಡು ತಗೊಂಡು ಬಂದವರಿಗೆ ನಮ್ಮಲ್ಲಿ ಸವಲತ್ತು ಇಲ್ಲ ಅಂತ ತಾವೂ ನಿಯಮ ಮಾಡಿದವು. 2015ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯ ನಗರದ ಆ ನಿಯಮವನ್ನು ಹೊಡೆದು ಹಾಕಿತು.

ಬೆಳಗಾವಿ ಕುಂದಾ

ಎಲ್ಲ ಓದಿದೆ. ಆ ಪ್ರಾಗ್ ಮಾಲೀಕರಿಗೂ ಬಹುಶಃ ಯಾರೋ ಹೇಳಿದ್ದೇ ಇರಬೇಕು, ನಾನು ಕೇಳಲಿಲ್ಲ. ಬಿಲ್ ಕಟ್ಟದವರ ಮೇಲೆ ಕ್ರಮ ಬೇಡ ಅಂತ ನಾನು ಈಗಲೂ ಒಪ್ಪಲ್ಲ, ಆದರೆ ಕಟ್ಟುವವರು ಯಾರು, ಕಟ್ಟದವರು ಯಾರು ಅಂತ ನೋಡದೆ ಇಡೀ ಬ್ಲಾಕಿನ ನೀರು ಕತ್ತರಿಸುವುದು ಮಾತ್ರ ಅನ್ಯಾಯ.

ಕೊಶಿತ್ಸೆ ಸಾರ್, ಒಂದು ಕೇಳಬೇಕಿತ್ತು. ಆ ಅಜ್ಜಿ ಹಳೇ ಪೇಟೆಯಿಂದ ಬಂದವರಾ? ಅವರಿಗೆ ಅಲ್ಲಿ ಚೆನ್ನಾಗಿತ್ತಾ, ಇಲ್ಲಾ?

ಕೊಶಿತ್ಸೆ ಕನ್ನಡಿಗ

ನಿಮ್ಮ ಪ್ರಶ್ನೆ ಇಟ್ಟುಕೊಂಡೇ ಈ ಶನಿವಾರ ಮತ್ತೆ ಹೋಗಿದ್ದೆ. ಹೌದು, ಹಳೇ ಪೇಟೆಯವರೇ. ಅಲ್ಲಿಯ ಮನೆ ಏನೂ ದೊಡ್ಡದಲ್ಲವಂತೆ, ಗೋಡೆಗೆಲ್ಲ ತೇವ. ನಲ್ಲಿ ಮನೆಯೊಳಗೆ ಇರಲಿಲ್ಲ, ಅಂಗಳದಲ್ಲಿ ನಾಲ್ಕು ಮನೆಗೆ ಸೇರಿ ಒಂದು. ಬೆಳಿಗ್ಗೆ ಕೊಡ ಇಟ್ಟು ಸರದಿ ಕಾಯಬೇಕಿತ್ತು, ಪಕ್ಕದ ಸ್ಲೊವಾಕ್ ಹೆಂಗಸಿನ ಜೊತೆ ದಿನಾ ಜಗಳ ಆಗುತ್ತಿತ್ತಂತೆ. ಆ ಹೆಂಗಸು ಈಗಲೂ ಕ್ರಿಸ್‌ಮಸ್‌ಗೆ ಫೋನ್ ಮಾಡುತ್ತಾಳೆ ಅಂದರು.

ಹೊರಡುವಾಗ ನನ್ನ ಕೈಗೆ ಎರಡು ಖಾಲಿ ಕ್ಯಾನ್ ಕೊಟ್ಟು, ಹೇಗಿದ್ದರೂ ಕೆಳಗೆ ಹೋಗ್ತೀಯಲ್ಲ, ಪಾನಿ ತುಂಬಿಸಿ ಮೊಮ್ಮಗನ ಕೈಯಲ್ಲಿ ಕಳಿಸು ಅಂದರು.